ಪದದಲ್ಲಿ ನಿಂತುಹೋದ ಹೆಸರು

ತಳಕಲ್,
೨೦ ಜುಲೈ ೨೦೨೫

ಖುಷ್ಬುವಿನ ಅಬ್ಬಾ ಅವರಿಗೆ ಸಲಾಂ.

ಫೋನ್ ಮಾಡಿದರೆ ಎರಡನೇ ಮಾತಿಗೇ ಜಗಳ ಶುರುವಾಗುತ್ತದೆ, ಅದಕ್ಕೇ ಕಾಗದ. ಓದುವಾಗ ನೀವು ನಡುವೆ ಬಾಯಿ ಹಾಕುವಂತಿಲ್ಲ, ಅದೊಂದು ಅನುಕೂಲ. ಖುಷ್ಬುವಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಗು ಬಂದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಈ ಮೊಹರಂನಲ್ಲಿ ನೀವು ಹುಲಿಹೈದರದಲ್ಲಿ ಹಾಡಿದ ರಿವಾಯತ್ ಪದವನ್ನು ಪಕ್ಕದ ಮನೆಯ ಸುರೇಖಾ ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದಾಳೆ. ಕರ್ಬಲಾದ ದುಃಖ ಹೇಳುವ ಅದೇ ಹಳೆಯ ಪದ, ‘ಎಲ್ಲಿಗೆ ಹೋದಿ ಮಹಾರಾಜ’. ದಿನಾ ಕೇಳುತ್ತೇನೆ. ಇಡೀ ಪದ ಅಲ್ಲ, ಒಂದೇ ಒಂದು ಜಾಗ.

ಅದಕ್ಕೆ ಮೊದಲು ಹಳೆಯದನ್ನು ಹೇಳಿಬಿಡುತ್ತೇನೆ. ನಮ್ಮ ಮದುವೆಯಾದ ವರ್ಷ ನೀವು ಈ ಪದ ಎತ್ತಿದಾಗ ನನಗೆ ಕೇಳಿದ್ದು ನನ್ನದೇ ಹೆಸರು, ‘ಎಲ್ಲಿಗೆ ಹೋದಿ ಮೆಹರಾಜ’. ಹೆಂಗಸರ ನಡುವೆ ನಾಚಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ. ಮನೆಯಲ್ಲಿ ನೀವು ಕರೆಯುತ್ತಿದ್ದದ್ದು ‘ಏ, ಕೇಳಿಲ್ಲಿ’ ಎಂದು, ಮಗಳು ಹುಟ್ಟಿದ ಮೇಲೆ ‘ಖುಷ್ಬುನ ಅಮ್ಮಾ’ ಎಂದು. ಗಂಡ ಹೆಂಡತಿ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ನಾನೂ ಅಷ್ಟೇ, ಲಕೋಟೆಯ ಮೇಲೆ ಖಲಂದರ ಅಂತ ಬರೆಯುವಾಗ ಯಾರಾದರೂ ನೋಡಿಯಾರೆಂದು ಅಂಗೈ ಅಡ್ಡ ಹಿಡಿದೆ. ವರ್ಷಕ್ಕೊಮ್ಮೆ ಪದದಲ್ಲಾದರೂ ಕರೆಯುತ್ತಾರಲ್ಲ ಎಂದು ಎಂಟು ವರ್ಷ ಅದರಲ್ಲೇ ಸುಖಪಟ್ಟೆ.

ಹೋದ ವರ್ಷ ಬಾಯಿ ತಪ್ಪಿ ಅದನ್ನು ಹೇಳಿದೆ. ನಿಮ್ಮಕ್ಕ ಸೈದಾನಬಿಯ ಮುಂದೆಯೇ ನೀವು ಬಿದ್ದು ಬಿದ್ದು ನಕ್ಕಿರಿ. “ಹುಚ್ಚಿ, ಅದು ಮಹಾರಾಜ ಐತಿ. ಮಂದಿ ಮುಂದ ನಿನ್ನ ಹೆಸರ ಯಾಕ ಹಾಡ್ಲಿ?” ಅಂದಿರಿ. ಅಮ್ಮನಿಗೆ ಮೊಣಕಾಲು ನೋವು ಎಂದು ಹೇಳಿ ಗಂಗಾವತಿ ಬಿಟ್ಟು ತವರಿಗೆ ಬಂದೆ. ಮೊಣಕಾಲು ಹದಿನೈದು ದಿನಕ್ಕೇ ವಾಸಿಯಾಗಿತ್ತು. ವರ್ಷವಾಯಿತು, ನಾನಿನ್ನೂ ಇಲ್ಲೇ ಇದ್ದೇನೆ.

ಈಗ ಆ ಜಾಗ. ಮೂರು ಸಲ ನೀವು ಸಾಲನ್ನು ಸರಿಯಾಗಿ ಹಾಡುತ್ತೀರಿ. ನಾಲ್ಕನೆಯ ಸಲ ‘ಎಲ್ಲಿಗೆ ಹೋದಿ’ ಅಂದು ನಿಂತುಬಿಡುತ್ತೀರಿ. ಹಲಗೆಯ ಎರಡು ಪೆಟ್ಟು ಒಂಟಿಯಾಗಿ ಬೀಳುತ್ತವೆ. ನೀವು ಉಸಿರೆಳೆದುಕೊಂಡದ್ದು ಕೇಳುತ್ತದೆ. ತುಟಿ ಕೂಡಿದ ‘ಮ್’ ಅಷ್ಟೇ ಬರುತ್ತದೆ, ಮುಂದಿನದು ಬರುವುದಿಲ್ಲ. ಫೋನಿನ ಹತ್ತಿರವೇ ಯಾರೋ ಹೆಂಗಸು ಮೆಲ್ಲಗೆ “ಹಾಡ್ರೀ” ಅನ್ನುತ್ತಾಳೆ. ಅಷ್ಟರಲ್ಲಿ ಹಿಮ್ಮೇಳದ ಇಬ್ರಾಹಿಂಸಾಬ ‘ಮಹಾರಾಜ’ ಎಂದು ಎತ್ತಿಕೊಂಡು ನಿಮ್ಮ ಮಾನ ಉಳಿಸುತ್ತಾರೆ.

ಗಂಟಲು ಕಟ್ಟಿತ್ತು ಅನ್ನುತ್ತೀರಿ, ಗೊತ್ತು. ಆದರೆ ಆ ‘ಮ್’ ಮುಂದೆ ಮಹಾರಾಜ ಆಗುವುದಿತ್ತೋ, ಮೆಹರಾಜ ಆಗುವುದಿತ್ತೋ? ಇಯರ್‌ಫೋನ್ ಕಿವಿಗೆ ಒತ್ತಿ ಎಷ್ಟು ಕೇಳಿದರೂ ತಿಳಿಯುತ್ತಿಲ್ಲ. ಕೇಳಿ ಮುಗಿಸಿದ ಮೇಲೆ ನಿಮ್ಮನ್ನು ನೋಡಬೇಕು ಅನ್ನಿಸುತ್ತದೆ, ಬಹಳ ಅನ್ನಿಸುತ್ತದೆ.

ಶುಕ್ರವಾರ ಗಾದಿ ಅಂಗಡಿ ಮುಚ್ಚಿ ಇಲ್ಲಿಗೆ ಬನ್ನಿ. ಬಾಗಿಲಲ್ಲಿ ನಿಂತು ಕರೆಯಿರಿ. ‘ಕೇಳಿಲ್ಲಿ’ ಅಂದರೆ ಚಹಾ ಕುಡಿಸಿ ಕಳಿಸುತ್ತೇನೆ. ಹೆಸರು ಹಿಡಿದು ಕರೆದರೆ ನಿಮ್ಮ ಜೊತೆ ಹೊರಡುತ್ತೇನೆ. ಬ್ಯಾಗು ಕಟ್ಟಿಯೇ ಇಟ್ಟಿರುತ್ತೇನೆ.

ದಾರಿ ನೋಡುತ್ತಿರುವ,
ಮೆಹರಾಜ

ಮರೆತ ಮಾತು: ಸುರೇಖಾ ಹುಲಿಹೈದರಕ್ಕೆ ಹೋಗಿಯೇ ಇರಲಿಲ್ಲ. ಫೋನ್ ಹಿಡಿದು ಹೆಂಗಸರ ಹಿಂದೆ ನಿಂತಿದ್ದವಳು ನಾನು. ನೀವು ನನ್ನನ್ನು ಕಂಡಿರೋ ಇಲ್ಲವೋ ಗೊತ್ತಿಲ್ಲ. “ಹಾಡ್ರೀ” ಅಂದವಳೂ ನಾನೇ.