ನಾಲ್ಕು ಗಂಟೆಯ ನಡಿಗೆ

ಬಸ್ ಸಂಸ್ಥೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಹನ್ನೊಂದು ತಾಸಿನ ಓಟದಲ್ಲಿ ತಮ್ಮ ಚಾಲಕರು ಎರಡು ಗಂಟೆಗೊಮ್ಮೆ ಇಳಿದು ನಡೆಯುತ್ತಾರೆಂದು ತಾವು ನಂಬಿದ್ದೀರಿ. ಯಾರೂ ನಡೆಯುವುದಿಲ್ಲ. ಒಬ್ಬರು ಸತ್ತಿದ್ದಾರೆ, ಇನ್ನೊಬ್ಬನ ಕಾಲು ಊದುತ್ತಿದೆ. ಕಂಡಕ್ಟರ್ ಆದ ನಾನು ಇದನ್ನೇ ಮೂರು ಸಲ ಅರ್ಜಿಯಲ್ಲಿ ಬರೆದುಕೊಟ್ಟೆ. ಮೂರಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿತ್ತು. ಆದ್ದರಿಂದ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಕಳೆದ ವರ್ಷ ತಮ್ಮಿಂದ ಎರಡು ಆದೇಶಗಳು ಬಂದವು. ಮೊದಲನೆಯದು ‘ಪ್ರಯಾಣದಲ್ಲೂ ಆರೋಗ್ಯ’: ಎರಡು ಗಂಟೆಗೊಮ್ಮೆ ಹತ್ತು ನಿಮಿಷ ನಡೆಯಿರಿ, ಧಾರಾಳವಾಗಿ ನೀರು ಕುಡಿಯಿರಿ, ನಡೆದದ್ದಕ್ಕೆ ಪುಸ್ತಕದಲ್ಲಿ ಗುರುತು ಹಾಕಿ. ಎರಡನೆಯದು: ಬಸ್ಸು ಎಲ್ಲಿಯೂ ಮೂರು ನಿಮಿಷ ಮೀರಿ ನಿಲ್ಲಕೂಡದು, ನಿಂತರೆ ಬಸ್ಸಿನೊಳಗಿನ ಯಂತ್ರ ತಮಗೆ ಚಾಡಿ ಹೇಳುತ್ತದೆ, ಚಾಲಕನಿಗೆ ನೋಟಿಸು ಬರುತ್ತದೆ. ಎರಡರ ಕೆಳಗೂ ತಮ್ಮದೇ ಸಹಿ. ಹತ್ತು ನಿಮಿಷ ನಡೆದು ಮೂರೇ ನಿಮಿಷದಲ್ಲಿ ವಾಪಸಾಗುವ ವಿದ್ಯೆ ತಮಗೆ ಸಿದ್ಧಿಸಿರಬಹುದು. ನಮಗೆ ಅತ್ತ ದರಿ, ಇತ್ತ ಪುಲಿ. ಹಾಗಾಗಿ ನಾವು ಕಂಡಕ್ಟರುಗಳು ಒಂದು ಉಪಾಯ ಹೂಡಿದೆವು. ಬೆಳಿಗ್ಗೆ ಆರಕ್ಕೆ ಡಿಪೋ ಬಿಡುವ ಮುನ್ನವೇ ದಿನದ ಐದೂ ನಡಿಗೆಗಳಿಗೆ ಗುರುತು ಹಾಕಿ ಪುಸ್ತಕ ಮುಚ್ಚುತ್ತಿದ್ದೆವು.

ನನ್ನ ಬಸ್ಸಿನ ಚಾಲಕರನ್ನು ನಾನು ಅಣ್ಣ ಎನ್ನುತ್ತಿದ್ದೆ. ಇಳಿಯುವಂತಿಲ್ಲವಲ್ಲ, ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮಧ್ಯಾಹ್ನವಾಗುತ್ತಲೇ ಬಗ್ಗಿ ಎಡಗಾಲಿನ ಶೂ ಲೇಸು ಸಡಿಲಿಸಿಕೊಳ್ಳುತ್ತಿದ್ದರು.

“ಇಳಿದು ಎರಡು ಹೆಜ್ಜೆ ಹಾಕಣ್ಣ,” ಎಂದರೆ, “ನಾನು ಆಗ್ಲೇ ನಡೆದಾಯ್ತಲ್ಲೋ, ನಿನ್ನ ಪುಸ್ತಕ ನೋಡ್ಕೋ,” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಒಂದು ಮಧ್ಯಾಹ್ನ ಮೂರೂಕಾಲಿಗೆ ಬಸ್ಸನ್ನು ಮೆಲ್ಲಗೆ ರಸ್ತೆಯ ಅಂಚಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, “ಉಸಿರು ಸಿಗ್ತಿಲ್ಲ ಕಣೋ,” ಎಂದರು. ನಲವತ್ತೆರಡು ಪ್ರಯಾಣಿಕರಲ್ಲಿ ಒಬ್ಬರಿಗೂ ಒಂದು ಗೀರು ಆಗಲಿಲ್ಲ. ಮೂರು ನಲವತ್ತಕ್ಕೆ ಆಸ್ಪತ್ರೆಯ ಬಾಗಿಲಲ್ಲೇ ಅಣ್ಣ ಹೋಗಿಬಿಟ್ಟರು. ಕೂತಲ್ಲೇ ಕೂತು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತು ಎಂದರು ಡಾಕ್ಟರು. ಮರುದಿನ ಅವರ ಹೆಸರಿಗೆ ನೋಟಿಸು ಬಂತು: ‘ಅನಧಿಕೃತ ನಿಲುಗಡೆ’.

ಆಮೇಲೆ ತಮ್ಮ ತನಿಖಾ ವರದಿಯೂ ಬಂತು. ‘ಮೃತರು ಅಂದು ನಿಯಮದಂತೆ ಐದು ಬಾರಿ ನಡೆದಿರುತ್ತಾರೆ. ಸಂಸ್ಥೆಯ ಲೋಪವಿಲ್ಲ.’ ಐದನೆಯ ನಡಿಗೆ ನಾಲ್ಕು ಗಂಟೆಯದು, ಮಾನ್ಯರೇ! ಪ್ರಾಣ ಹೋದ ಇಪ್ಪತ್ತು ನಿಮಿಷಕ್ಕೆ ಅಣ್ಣ ಎದ್ದು ನಡೆದರೇ? ವರದಿಗೆ ಸಹಿ ಹಾಕುವಾಗ ಗಡಿಯಾರ ನೋಡುವಷ್ಟೂ ಪುರುಸೊತ್ತು ತಮಗಿರಲಿಲ್ಲವೇ? ಅವರನ್ನು ನಡೆಸಿದವನು ನಾನು, ಬೆಳಿಗ್ಗೆ ಆರಕ್ಕೆ, ನೀಲಿ ಪೆನ್ನಿನಲ್ಲಿ.

ಅತ್ತಿಗೆ ಆ ವರದಿ ಹಿಡಿದು ನನ್ನನ್ನೇ ಕೇಳಿದರು: “ಐದು ಸಲ ನಡೆದಿದ್ರು ಅಂತ ಬರೆದಿದೆಯಲ್ಲಪ್ಪಾ. ಮತ್ತೆ ಹೇಗಾಯ್ತು?”

ಈಗ ಅದೇ ಸೀಟಿನಲ್ಲಿ ಮೂವತ್ತೊಂದರ ಹೊಸ ಚಾಲಕನಿದ್ದಾನೆ. ತಲೆಯ ಮೇಲೆ ತಮ್ಮ ಆರೋಗ್ಯದ ಪೋಸ್ಟರು, ಪಕ್ಕದಲ್ಲಿ ಮುಚ್ಚಳ ತೆಗೆಯದ ನೀರಿನ ಬಾಟಲಿ. ನಿನ್ನೆ ಎರಡು ಗಂಟೆಯ ಸುಮಾರಿಗೆ ಅವನು ಬಗ್ಗಿ ಎಡಗಾಲಿನ ಲೇಸು ಸಡಿಲಿಸಿಕೊಂಡ. ಅಣ್ಣನಿಗೆ ಬಸ್ಸನ್ನು ಅಂಚಿಗೆ ತರುವಷ್ಟು ಉಸಿರು ಉಳಿದಿತ್ತು. ಇವನಿಗೂ ಉಳಿದಿರುತ್ತದೆಂದು ತಾವು ಬರೆದುಕೊಡುತ್ತೀರಾ?

ಮೂರು ನಿಮಿಷದ ಆದೇಶವನ್ನು ಹಿಂತೆಗೆದುಕೊಳ್ಳಿ. ಅಲ್ಲಿಯವರೆಗೆ ಪುಸ್ತಕ ಖಾಲಿಯೇ ಇರುತ್ತದೆ. ಬಸ್ಸು ನಿಲ್ಲಿಸುವ ಸೀಟಿ ನನ್ನ ಬಳಿ ಇದೆ. ನಾಳೆಯಿಂದ ಎರಡು ಗಂಟೆಗೊಮ್ಮೆ ಊದುತ್ತೇನೆ, ಅವನನ್ನು ಕೈಹಿಡಿದು ಇಳಿಸುತ್ತೇನೆ. ಯಂತ್ರ ಚಾಡಿ ಹೇಳಲಿ. ನೋಟಿಸನ್ನು ಮಾತ್ರ ಈ ಸಲ ಬದುಕಿರುವವನ ಹೆಸರಿಗೆ ಕಳಿಸಿ.

ಇಂತಿ,
ಸತ್ತವರನ್ನು ನಾಲ್ಕು ಗಂಟೆಗೆ ನಡೆಸಿದ ಕಂಡಕ್ಟರ್