ನಡುವ ನಿಂತ ಕೈ

ಗಜೇಂದ್ರಗಡ
ಬುಧವಾರ, ೧೧ ಫೆಬ್ರುವರಿ ೨೦೨೬

ಪ್ರೀತಿಯ ಮಗಳು ನೇತ್ರಾಗ,

ಹ್ಯಾಂಗದಿಯವ್ವ? ಮೈಸೂರಿನ ಥಂಡಿಗೆ ನಿನ್ನ ಕೆಮ್ಮು ಮತ್ತ ಎದ್ದಿಲ್ಲಲ್ಲ? ದೀಪಾವಳಿಗೆ ಕಟ್ಟಿಕೊಟ್ಟ ಅಗಸಿ ಹಿಂಡಿ ತೀರಿರಬೇಕು, ಬರೇ ರೊಟ್ಟಿ ತಿಂದು ಮಲಗಬ್ಯಾಡ. ನಿನ್ನ ಸಾಲಿಯ ಮಕ್ಕಳು ಆರಾಮ ಅದಾವಿಲ್ಲೋ? ಕಿವಿ ಕೇಳದ ಅಷ್ಟು ಮಕ್ಕಳಿಗೆ ಕೈಯಿಂದ ಪಾಠ ಹೇಳಿ ಹೇಳಿ ಸಂಜಿಗೆ ನಿನ್ನ ರಟ್ಟಿ ನೋಯತಾವು ಅಂದಿದ್ದಿ, ಬಿಸಿನೀರು ಹಾಕ್ಕೋ. ನಾವು ಅದೀವಿ. ಚಲೋ ಅದೀವಿ ಅಂತ ಬರ್ಯಾಕ ಮನಸ್ಸು ಬರವಲ್ದು. ನೀ ಫೋನಿನ್ಯಾಗ ನಮ್ಮನ್ನೆಲ್ಲ ಬಂದ್ ಮಾಡಿ ಇಟ್ಟ ಮ್ಯಾಲೆ ಟಪಾಲೊಂದ ದಾರಿ ಉಳೀತು. ನಾ ಏಳನೇ ತನಕ ಓದಿದಾಕಿ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ನಿಮ್ಮಪ್ಪ ಬಾಜೂಕ ಕುಂತಾರ. ಬರದದ್ದನ್ನ ಓದಿ ಹೇಳು ಅಂತಾರ, ಅದಕ್ಕ ನಿಂತು ನಿಂತು ಬರ್ಯಾಕತ್ತೀನಿ.

ಆ ರವಿವಾರ ಕಂಪ್ಯೂಟರಿನ ವಿಡಿಯೊ ಕಾಲಿನ್ಯಾಗ ನೀ ಕೈಯಿಂದ ಕೇಳಿದ್ದು ನಮಗ ಪೂರಾ ತಿಳಿದಿತ್ತು. ಕೊಣ್ಣೂರಿನ ಅಮರೇಶ, ನಿನ್ನಂಗ ಕಿವಿ ಕೇಳದಾಂವ, ನಿನ್ನ ಸಾಲ್ಯಾಗ ಬಡಿಗತನ ಕಲಸಾಂವ. ಅವನ್ನ ಮನಿಗೆ ಕರಕೊಂಡು ಬರಲೇನು ಅಂತ ಕೇಳಿದಿ. ಅವರು ಒಕ್ಕಲುತನದ ಮಂದಿ, ನಾವು ನೇಕಾರರು, ಕುಲ ಬ್ಯಾರೆ. ಕೇಳಾಕ ಎಷ್ಟು ಅಂಜಿಕಿ ಬಂದಿತ್ತೋ, ನಿನ್ನ ಬೆರಳು ನೋಡೇ ಗೊತ್ತಾತು. ನಿಮ್ಮಪ್ಪ ಕೈ ಎತ್ತಿದ್ರು. ನಮ್ಮ ಮನ್ಯಾಗ ಅಂಗೈ ಮುಂದ ಮಾಡಿ ಎತ್ತಿ, ತಿರುವಿ ಎದಿಗೆ ಎಳಕೊಂಡ್ರ ‘ಕರಕೊಂಡು ಬಾ’. ಎತ್ತಿ ಹಂಗ ಹಿಡದ್ರ ‘ಬ್ಯಾಡ’. ನಿನಗ ಎತ್ತಿದ್ದಷ್ಟ ಕಂಡೈತಿ. ಎದಿಗೆ ಎಳಕೊಂಡದ್ದನ್ನ ನಾ ಕಣ್ಣಾರೆ ನೋಡೀನಿ. ನಮ್ಮ ಕಡೆನೂ ನೀನು ತುಂಡು ತುಂಡಾಗಿ ಬರಾಕತ್ತಿದ್ದಿ, ಕಣ್ಣು ಮುಚ್ಚಿದ್ದೊಂದು ಚಿತ್ರ, ಆಮ್ಯಾಲ ಮಾರಿ ತಿರುವಿದ್ದೊಂದು ಚಿತ್ರ. ಸರಿಯಾಗಿ ಕಾಣೂದ್ರಾಗ ನೀ ಇರಲೇ ಇಲ್ಲ, ಬರೇ ಖುರ್ಚಿ ಇತ್ತು. ನಿಮ್ಮಣ್ಣ ಶ್ರೀಧರ ರೋಣದ ಬಟ್ಟಿ ಅಂಗಡಿಯಿಂದ ಬಂದಾಂವ ನಿಂತ ಕಾಲ ಮ್ಯಾಲ ನಿನಗ ಮೆಸೇಜ್ ಬರದ, ಅಪ್ಪ ಹೂಂ ಅಂದಾರ ಅಂತ. ನೀ ಏನಂತ ಉತ್ತರ ಕೊಟ್ಟಿ? ‘ಅಪ್ಪನ ಕೈ ನಾ ನೋಡೀನಿ. ಸಮಾಧಾನಕ್ಕಂತ ಸುಳ್ಳು ಬರೀಬ್ಯಾಡ್ರಿ.’ ಅದ ಕಡೀ ಮಾತು.

ನಿನಗ ಬರಹದ ಮ್ಯಾಲೆ ನಂಬಿಗಿ ಇಲ್ಲ ಅಂತ ನಿಮ್ಮಪ್ಪನಿಗೆ ಗೊತ್ತು. ಸಣ್ಣಾಕಿ ಇದ್ದಾಗ ಮಗ್ಗದ ಕುಣಿಯ ದಂಡಿಗೆ ಕುಂತು, ಅವರು ಲಾಳಿ ಎಸದು ಒಂದು ಕೈ ಖಾಲಿ ಆದಾಗೆಲ್ಲ ಒಂದೊಂದು ಮಾತು ಮಾಡ್ಕೊಂಡ್ರಿ ನೀವಿಬ್ಬರೂ. ಮಳಿಗೊಂದು, ಸಿಟ್ಟಿಗೊಂದು, ಸುಳ್ಳಿಗೊಂದು. ನಾ ಅಡಗಿ ಮನ್ಯಾಗ ಉಳದೆ, ನನ್ನ ಕೈಗೆ ಊಟ, ಜ್ವರ, ಅರಿವಿ ಇಷ್ಟ ಬರತಾವ. ನಿನ್ನ ಜೋಡಿ ಮನಸಿನ ಮಾತು ಆಡೂದು ಅವರೊಬ್ಬರ. ಆ ರವಿವಾರದಿಂದ ಅವರು ಮಗ್ಗಕ್ಕ ಇಳಿದಿಲ್ಲ. ಅರ್ಧ ನೇದ ಸೀರಿ ಹಂಗ ಐತಿ, ಮ್ಯಾಲೊಂದು ಹಳೀ ಧೋತರ ಹೊಚ್ಚೀನಿ. ಕಂಪ್ಯೂಟರಿನ ಮುಂದ ಕುಂಡ್ರತಾರ, ಹಚ್ಚೂದಿಲ್ಲ, ಸುಮ್ನ ಕುಂಡ್ರತಾರ. ಒಂದಿನ ಮುಂಜಾನಿ ಚಾ ಕೊಡಾಕ ಹ್ವಾದ್ರ ನನ್ನ ಮಾರಿ ನೋಡಿ ಕೇಳಿದ್ರು, “ವೀರವ್ವ, ನಾ ಬ್ಯಾಡ ಅಂದೇನೇನ?” ಇಲ್ರಿ ಅಂದೆ. “ಮತ್ತ ಆಕಿ ಯಾಕ ಎದ್ದು ಹ್ವಾದ್ಲು?” ಅಂದ್ರು.

ಶ್ರೀಧರ ಮೊದಲ ಇಂಟರ್ನೆಟ್ಟಿನ ಮ್ಯಾಲೆ ತಪ್ಪು ಹಾಕಿದ. ಬ್ಯಾರೆ ಕಂಪನಿ ಲೈನ್ ಎಳಿಸಿದ, ಡಬ್ಬಿ ತಂದು ಕಂಪ್ಯೂಟರಿನ ನೆತ್ತಿ ಮ್ಯಾಲೆ ಇಟ್ಟ. ತಾನ ಬಾಜಾರದಿಂದ ವಿಡಿಯೊ ಕಾಲ್ ಮಾಡಿ ನೋಡಿದ್ರ ಮತ್ತ ಅದ ಹಾಡು, ಚಿತ್ರ ಹಲ್ಲು ಕಿತ್ತ ಗರಗಸದಂಗ ತಡವರಿಸಿ ತಡವರಿಸಿ ಬರಾಕತ್ತಿತ್ತು. ಆಮ್ಯಾಲ ನಾ ಹೋಗಿ ನಿನ್ನ ಗೆಳತಿ ನಿಲೋಫರನ್ನ ಕರಕೊಂಡು ಬಂದೆ. ನಿನ್ನ ಜೋಡಿ ಕುಂಟಲಿಪಿ ಆಡಿದ ಹುಡುಗಿ, ಈಗ ಬಸ್ ಸ್ಟ್ಯಾಂಡಿನ ಬಾಜೂಕ ಕಂಪ್ಯೂಟರ್ ಅಂಗಡಿ ಇಟ್ಟಾಳ. ನಿನ್ನ ಹೆಸರು ಹೇಳಿದ ಕೂಡಲೇ ಕೀಲಿ ಹಾಕಿ ಬಂದ್ಲು. ಬಂದಾಕಿ ಏನೂ ಮುಟ್ಟದ ಮೊದಲ ಕಂಪ್ಯೂಟರಿನ ಡಬ್ಬಿಗೆ ಕಿವಿ ಹಚ್ಚಿದ್ಲು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂಗ ಕೂಗತಿತ್ತು, ನಮಗದು ರೂಢಿ ಆಗಿಹೋಗಿತ್ತು. ಆಮ್ಯಾಲ ಪರದೆ ಮ್ಯಾಲೆ ಒಂದು ಪಟ್ಟಿ ತಗದು ತೋರಿಸಿದ್ಲು. “ಕಾಕು, ಪ್ರೊಸೆಸರ್ ಅಂದ್ರ ಇದರ ತಲಿ ಇದ್ದಂಗ. ಆ ತಲೀನೆಲ್ಲ ಈ ಬ್ರೌಸರ್ ಒಂದ ತಿನ್ನಾಕತ್ತೈತಿ. ಲೈನಿಂದ ಚಿತ್ರ ಸರಿಯಾಗೇ ಬರತೈತಿ, ಬಂದದ್ದನ್ನ ಬಿಡಿಸಿ ತೋರಸಾಕ ಇದಕ್ಕ ಉಸರ ಸಾಲವಲ್ದು” ಅಂದ್ಲು.

ಶ್ರೀಧರ ತಗದು ಮುಚ್ಚದ ಬಿಟ್ಟಿದ್ದ ಸೀರಿ ಡಿಸೈನು, ಕ್ರಿಕೆಟ್ಟು ಎಲ್ಲಾ ಮುಚ್ಚಿಸಿದ್ಲು. ಭಾಳ ಫರಕು ಬೀಳಲಿಲ್ಲ. ವಿಡಿಯೊ ಇಳಿಸಿಕೊಳ್ಳಾಕ ಅಂತ ಅಂವ ಬ್ರೌಸರಿಗೆ ಏನೋ ಒಂದು ಜೋಡಿಸಿದ್ದನಂತ, ಅದು ಕಾಣದಂಗ ಹಿಂದ ಕುಂತು ಹಗಲೂ ರಾತ್ರಿ ಕೆಲಸ ಮಾಡತಿತ್ತಂತ. ಅದನ್ನ ಕಿತ್ತು ಹಾಕಿದ್ಲು. ವಿಡಿಯೊ ಬಿಡಸಾಕ ಅಂತ ಬ್ಯಾರೆ ಒಂದು ಚಿಪ್ ಇರತೈತಂತ, ಅದಕ್ಕ ಕೆಲಸ ಕೊಡೂ ಸೆಟ್ಟಿಂಗ್ ಬಂದ್ ಇತ್ತು, ಹಂಗಾಗಿ ಎಲ್ಲಾ ಭಾರ ತಲಿ ಮ್ಯಾಲ ಬಿದ್ದಿತ್ತು. ಅದನ್ನ ಚಾಲೂ ಮಾಡಿ, ಬ್ರೌಸರ್ ಹೊಸಾದು ಇಳಿಸಿ ಹಚ್ಚಿದ್ಲು. ಚಿತ್ರ ನೀರು ಹರಿದಂಗ ಬಂತು. ನಾ ಕೈ ಮುಗಿಯೂದ್ರಾಗ ಮತ್ತ ನಿಂತಿತು. ಆಗ ನಿಲೋಫರ ಸಿಟ್ಟಿಗೆದ್ದು ಡಬ್ಬಿ ಬಿಚ್ಚಿದ್ಲು ನೋಡು. ಫ್ಯಾನಿನ ಮ್ಯಾಲೆ ನಮ್ಮ ನೂಲಿನ ಧೂಳು ಅರಳಿ ಹಾಸಿಗಿಯಂಗ ಕೂಡಿತ್ತು, ಸೀರಿ ಅಂಚಿನ ಕೆಂಪು ಬಣ್ಣ ಸುದ್ದಾ ಅದರಾಗ ಕಾಣತಿತ್ತು. ಗಾಳಿ ಆಡದ ಬಿಸಿ ಆದ್ರ ಪ್ರೊಸೆಸರ್ ತನ್ನಷ್ಟಕ್ಕ ತಾನ ಸಾವಕಾಶ ಆಗತೈತಂತ. ನಿಮ್ಮಪ್ಪ ಆ ಧೂಳು ಅಂಗೈಯಾಗ ಹಿಡಕೊಂಡು ಭಾಳ ಹೊತ್ತು ನೋಡಿದ್ರು. “ಇಷ್ಟು ವರ್ಷ ನನ್ನ ಎದ್ಯಾಗ ಹ್ವಾತು. ಈಗ ಮಗಳ ಕಣ್ಣಾಗೂ ಬಿತ್ತು” ಅಂದ್ರು. ನಿಲೋಫರ ಬ್ರಶ್ಶಿನಿಂದ ಸ್ವಚ್ಛ ಮಾಡಿ, ಕಂಪ್ಯೂಟರನ್ನ ಮಗ್ಗದ ಮನ್ಯಾಗಿಂದ ಎತ್ತಿಸಿ ಪಡಸಾಲಿಗೆ ಇಡಿಸಿದ್ಲು. ಈಗ ಫ್ಯಾನಿನ ಸಪ್ಪಳ ಇಲ್ಲ, ಚಿತ್ರ ತುಂಡಾಗೂದಿಲ್ಲ.

ಇಷ್ಟು ಉದ್ದ ಯಾಕ ಬರದೆ ಅಂದ್ರ, ನಾವು ಕಥಿ ಕಟ್ಟಾಕತ್ತೀವಿ ಅಂತ ನೀ ತಿಳೀಬಾರದು. ನಂಬಿಗಿ ಬರದಿದ್ರ ನಿಲೋಫರನ್ನ ಕೇಳು, ಆಕಿ ನಿನಗ ಸುಳ್ಳು ಹೇಳಾಕಿ ಅಲ್ಲ. ನಿಮ್ಮಪ್ಪ ಹೇಳಿ ಬರಸಾಕತ್ತಾರ: ಕುಲದ ಮಾತು ಆಡಾಕ ಮಂದಿ ಅದಾರ, ಅವರು ಆಡಿಕೊಳ್ಳಲಿ. ನನ್ನ ಮಗಳ ಕೈಮಾತು ತಿಳಿಯೂ ಹುಡುಗ ಸಿಕ್ಕಾನ, ನನಗ ಅಷ್ಟ ಸಾಕು. ಅವನ್ನ ಕರಕೊಂಡು ಬಾ. ಕೊಣ್ಣೂರಿಗೆ ಹೋಗಿ ಅವರ ತಾಯಿ ಜೋಡಿ ನಾವ ಮಾತಾಡತೀವಿ. ಹಿಂಗ ಬರಸಾಕತ್ತಾರ, ನಾ ಒಂದಕ್ಷರ ಸೇರಿಸಿಲ್ಲ.

ಅಮರೇಶನಿಗೆ ನಮ್ಮ ನೆನಪು ತಿಳಿಸು. ಶ್ರೀಧರ ನಿನ್ನ ಮ್ಯಾಲೆ ಸಿಟ್ಟಿಗೆದ್ದಾನ, ಆದ್ರೂ ಊಟದ ಹೊತ್ತಿಗೆ ನೀ ಕುಂಡ್ರೂ ಖಾಲಿ ಮಣಿ ಕಡೆ ನೋಡತಾನ. ಹೊತ್ತಿಗೆ ಸರಿಯಾಗಿ ಉಣ್ಣು, ಮೈ ಕಾಯ್ಕೋ, ನಿನ್ನ ಬಾಳು ತಂಪಾಗಿರಲಿ.

ನಿಮ್ಮವ್ವ,
ವೀರವ್ವ

ತಾ.ಕ.: ಪೋಸ್ಟ್ ಆಫೀಸಿನ ಕಟ್ಟಿಗೆ ನಿಂತು ಬರ್ಯಾಕತ್ತೀನಿ, ಅಕ್ಷರ ಸೊಟ್ಟ ಬಂದಾವ. ಇದನ್ನ ನಿಮ್ಮಪ್ಪನ ಮುಂದ ಓದಿಲ್ಲ. ಮ್ಯಾಲೆ ಬರದದ್ದು ಖರೇ, ಆದ್ರ ಅಷ್ಟ ಅಲ್ಲ. ಕಂಪ್ಯೂಟರ್ ಸರಿ ಆದ ಮರುದಿನ ನಿಲೋಫರ ತನ್ನ ಅಂಗಡಿಯಿಂದ ಕಾಲ್ ಮಾಡಿ ಪರೀಕ್ಷಾ ನೋಡಿದ್ಲು. ನಾ ಕೈ ಆಡಿಸಿದೆ, ಸರಿಯಾಗಿ ಕಂಡಿತಂತ. ನಿಮ್ಮಪ್ಪ ಕೈ ಎತ್ತಿದ್ರು, ಎತ್ತಿದ್ದು ನಡುವ ನಿಂತಿತು. ಮತ್ತ ಕೆಟ್ಟತೇನ ಅಂತ ಫೋನಿನ್ಯಾಗ ಕೇಳಿದೆ. ಆಕಿ ಅಂದ್ಲು, “ಚಿತ್ರ ನಿಂತಿಲ್ಲ ಕಾಕು. ಕಾಕಾನ ಹಿಂದ ಗ್ವಾಡಿ ಗಡಿಯಾರದ ಮುಳ್ಳು ಓಡಾಕತ್ತೈತಿ.” ಆ ರವಿವಾರನೂ ಎದಿಗೆ ಎಳಕೊಳ್ಳೂ ಮೊದಲ ಅವರ ಕೈ ಹಂಗ ನಿಂತಿತ್ತು, ನಾ ಬಾಜೂಕ ಇದ್ದೂ ವಿಚಾರ ಮಾಡಾಕತ್ತಾರ ಅಂದ್ಕೊಂಡಿದ್ದೆ.

ಹುಬ್ಬಳ್ಳಿ ದವಾಖಾನಿಗೆ ಹೋಗಿ ಬಂದೀವಿ. ಪಾರ್ಕಿನ್ಸನ್ ಅಂತ, ಮೆದುಳಿನ ರೋಗ. ಕೈ ನಡಗತಾವ, ಬಿಗೀತಾವ, ಎತ್ತಿದ್ದು ಎತ್ತಿದಲ್ಲೇ ನಿಲ್ಲತಾವ. ಗುಳಿಗಿಗೆ ತಡೀತೈತಿ, ವಾಸಿ ಆಗೂದಿಲ್ಲ. ಮಾರೀನೂ ಬಿಗೀತೈತಂತ, ನಗಿ ಬಂದ್ರೂ ಕಾಣೂದಿಲ್ಲಂತ. ಆವತ್ತು ನಿನಗ ಅವರ ಮಾರ್ಯಾಗ ಸಿಟ್ಟು ಕಂಡಿದ್ರ, ಅದು ಸಿಟ್ಟಲ್ಲವ್ವ. ನಿನಗ ಹೇಳಬ್ಯಾಡ ಅಂತ ಆಣಿ ಹಾಕ್ಯಾರ. ಹೇಳಿದ್ರ ಆಕಿ ಲಗ್ನ ಬಿಟ್ಟು ನನ್ನ ಸೇವಾಕ್ಕ ಬಂದು ಕುಂಡ್ರತಾಳ ಅಂತಾರ. ಆಣಿ ಮುರದೆ, ಆ ಪಾಪ ನನಗಿರಲಿ. ನನಗ ಅವರ ಬಾಯಿಂದಾದ್ರೂ ಮಾತು ಸಿಕ್ಕೀತು, ನಿನಗ ಆ ಕೈ ಬಿಟ್ರ ಬ್ಯಾರೆ ಏನೈತಿ?

ಮುಂಜಾನಿ ಗುಳಿಗಿ ತಗೊಂಡ ಮ್ಯಾಲೆ ಒಂದಿಷ್ಟು ಹೊತ್ತು ಕೈ ಸಡಲ ಆಗತಾವ. ಆ ಹೊತ್ತಿನ್ಯಾಗ ಒಬ್ಬರ ಕುಂತು ಅಮರೇಶನ ಹೆಸರಿಗೆ ಒಂದು ಕೈಸನ್ನಿ ಹುಡಕಾಕತ್ತಾರ, ನಿನ್ನೆ ಮಾಡಿದ್ದು ಇವತ್ತು ಬರೂದಿಲ್ಲ, ಮತ್ತ ಬ್ಯಾರೆ ಮಾಡತಾರ. ಟಪಾಲು ಚೀಲ ಕಟ್ಟಾಕತ್ತಾರ, ಕೊಡ್ರಿ ಅಂತ ಕರ್ಯಾಕತ್ತಾರ. ಇಬ್ಬರೂ ಲಗೂ ಬರ್ರಿ.