ರುಚಿ ನೋಡದ ನೀರು

ಇಸವಿ ೨೪೧೨, ಎರಡನೇ ಆಷಾಢದ ಮೂವತ್ತೆರಡನೇ ದಿನ.

ನನ್ನ ನಂತರ ಈ ಊರಲ್ಲಿ ಬಾಳುವವರಿಗೆ ತಂಗೆಮ್ಮನ ನಮಸ್ಕಾರ. ನಮ್ಮ ತಿಂಗಳ ಲೆಕ್ಕ, ನಮ್ಮ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಕ್ಷಮಿಸಬೇಕಾದ್ದು ಅದೊಂದೇ ಆಗಿದ್ದರೆ ಚೆನ್ನಾಗಿತ್ತು.

ನಾನು ಮಣಿಮನೆಯ ಕೆಲಸದವಳು. ಚಿನ್ನ ತೆಗೆದು ಮುಗಿದ ಹಳೇ ಗಣಿಯ ತಂಪಿನಲ್ಲಿ ನಾವು ಜೀವಕೋಶ ಬೆಳೆಸಿ, ಅದರೊಳಗಿನ ಇನ್ಸುಲಿನ್ ಚೀಲಗಳನ್ನು ಬಿಡಿಸಿ ಉಪ್ಪುನೀರಲ್ಲಿ ಇಡುತ್ತೇವೆ. ಕಣ್ಣಿಗೆ ಕಾಣದ ಆ ಚೀಲಕ್ಕೆ ಮಣಿ ಅಂತೀವಿ. ಮಣಿಯ ಒಳಗೆಲ್ಲ ಹುಳಿ. ಹುಳಿ ಇರುವತನಕ ಇನ್ಸುಲಿನ್ ಹರಳುಗಟ್ಟಿ ತೆಪ್ಪಗಿರುತ್ತದೆ. ಹುಳಿ ಸತ್ತರೆ ಹರಳು ಕರಗುತ್ತದೆ, ಕರಗಿದ್ದು ಹೊರಗಿನ ನೀರನ್ನು ಒಳಗೆಳೆಯುತ್ತದೆ, ಚೀಲ ಉಬ್ಬಿ ಒಡೆಯುತ್ತದೆ. ನೀರಿಗೆ ಕಲಾಯಿಗೆ ಬಳಸುವ ನವಸಾಗರದ ಪುಡಿ ಬಿದ್ದರೆ ಆಗುವುದು ಇದೇ. ಅದರ ಘಾಟು ಒಳಗೆ ನುಗ್ಗಿ ಹುಳಿಯನ್ನು ಕೊಲ್ಲುತ್ತದೆ. ನಮ್ಮ ಹಂಡೆಗಳಿಗೆ ಕಲಾಯಿ ಹಾಕುವ ಈರಕ್ಕನ ನವಸಾಗರದ ಡಬ್ಬಿ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು. ನೋಡಲು ಎರಡೂ ಒಂದೇ, ರುಚಿ ಮಾತ್ರ ಬೇರೆ. ಅದಕ್ಕೇ ನೀರು ಕಲಸಿದವಳು ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಗೋಡೆಗೆ ಸುಣ್ಣದ ಬೊಟ್ಟಿಡಬೇಕು ಅನ್ನುವ ಕಟ್ಟಳೆ.

ಒಂದು ದಿನ ನೀರು ಕಲಸುವ ಸರದಿ ನನ್ನದು. ಆಗ ನಾನು ಮಗಳ ಹೆರಿಗೆ ಸುಸೂತ್ರವಾಗಲಿ ಎಂದು ಹರಕೆ ಹೊತ್ತು ಉಪ್ಪು ತಿನ್ನುವುದನ್ನೇ ಬಿಟ್ಟಿದ್ದೆ. ನಾಲಿಗೆಗೆ ಹಚ್ಚಲಿಲ್ಲ. ಬೊಟ್ಟು ಮಾತ್ರ ಇಟ್ಟೆ. ಉಪ್ಪೆಂದು ನಾನು ಹಾಕಿದ್ದು ನವಸಾಗರ. ಮಧ್ಯಾಹ್ನದ ಹೊತ್ತಿಗೆ ಮಣಿಗಳೆಲ್ಲ ಒಡೆದಿದ್ದವು. ಹೊಸ ಬೆಳೆ ಕೈಗೆ ಬರುವುದರೊಳಗೆ ಮಗ್ಗದ ಸೊಗಲವ್ವ ಔಷಧವಿಲ್ಲದೆ ತೀರಿಕೊಂಡಳು.

ಊರವರು ಕೇಳಿದಾಗ ಗೋಡೆಯ ಬೊಟ್ಟು ತೋರಿಸಿದೆ. ರುಚಿ ನೋಡಿದಾಗ ನೀರು ಸರಿಯಾಗಿಯೇ ಇತ್ತು, ಆಮೇಲೆ ಈರಕ್ಕ ಕಲಾಯಿ ಹಾಕಿದ ಹಂಡೆಯಲ್ಲಿ ಉಳಿದಿದ್ದ ನವಸಾಗರವೇ ನೀರಿಗೆ ಬಿಟ್ಟಿರಬೇಕು ಅಂದೆ. ಥೂ, ಎಷ್ಟು ಸಲೀಸಾಗಿ ಅಂದುಬಿಟ್ಟೆ. ಈರಕ್ಕ ವಾದ ಮಾಡಲೇ ಇಲ್ಲ. ನಾನೇ ಸರಿಯಾಗಿ ತೊಳೆದಿಲ್ಲವೇನೋ ತಂಗಿ ಎಂದು ನನ್ನ ಕೈ ಹಿಡಿದು ಅತ್ತಳು. ಅವಳ ಕೆಲಸ ಹೋಯಿತು. ಅಂದಿನಿಂದ ಯಾರ ಕೆಲಸ ಕೆಟ್ಟರೂ ಊರಲ್ಲಿ ಈರಕ್ಕನ ಕಲಾಯಿ ಅಂತಾರೆ. ಚಿಕ್ಕ ಮಕ್ಕಳೂ ಅಂತಾವೆ. ಅದಕ್ಕೆ ನಾನೂ ನಕ್ಕಿದ್ದೇನೆ.

ಈರಕ್ಕ ಇರುವುದು ಎರಡು ಓಣಿ ಆಚೆ. ಆ ಹೆರಿಗೆಯಲ್ಲಿ ಹುಟ್ಟಿದ ನನ್ನ ಮೊಮ್ಮಗಳಿಗೆ ಎಣ್ಣೆ ನೀರು ಹಾಕಲು ವಾರವಾರ ಬರುತ್ತಾಳೆ. ಎದುರು ಕೂತು ಹೇಳಲು ಮುಖವಿಲ್ಲದೆ, ಇನ್ನೂ ಹುಟ್ಟದ ನಿಮಗೆ ಬರೆಯುತ್ತಿದ್ದೇನೆ, ನಾಚಿಕೆಗೆಟ್ಟವಳು. ನಿಮ್ಮ ಕಾಲಕ್ಕೂ ಆ ಮಾತು ಉಳಿದಿದ್ದರೆ ದಯವಿಟ್ಟು ಅವಳ ಹೆಸರು ತೆಗೆದು ನನ್ನದು ಹಾಕಿ. ಯಾರಾದರೂ ಮಾಡದ ಕೆಲಸವನ್ನು ಮಾಡಿದೆ ಅಂದರೆ, ತಂಗೆಮ್ಮನ ಬೊಟ್ಟು ಅನ್ನಿ.